ಬೋಪಯ್ಯ ಅಂಕಲ್ ಹಾರಿಸಿದ ಒಂದೇ ಗುಂಡು

ದಾರಿಯಲ್ಲಿ ಬೋಪಯ್ಯ ಅಂಕಲ್ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕು, ಹೋದರೆ ವ್ಯಾನು ಬಿಡಬೇಕು. ಸಿಡ್ನಿಯಿಂದ ಮೆಲ್ಬರ್ನಿಗೆ ಶೂಟಿಂಗ್ ಪಂದ್ಯಕ್ಕೆ ಹೋಗುವಾಗ ದಾರಿಯ ಊರು ಹಾಲ್‌ಬ್ರೂಕಿನಲ್ಲಿ ಊಟಕ್ಕೆ ನಿಲ್ಲಿಸಿದರೆ ನಾನು ಒಳಗೆ ಕೂತು ತಿನ್ನುತ್ತಿದ್ದೆ. ಅವರು ಕೋಟು ಟೈ ಸಮೇತ ವ್ಯಾನಿಗೆ ಒರಗಿ ನಿಂತು ಡಬ್ಬಿಯ ಅಕ್ಕಿ ಒಟ್ಟಿ, ಅಂದರೆ ಕೊಡವರ ಅಕ್ಕಿ ರೊಟ್ಟಿ, ಮುರಿಯುತ್ತಿದ್ದರು. ಹಿಂದುಗಡೆ, ನನ್ನ ಟೈಲ್ಸ್ ಕೆಲಸದ ಸಾಮಾನಿನ ನಡುವೆ, ಕಂಬಳಿ ಮುಚ್ಚಿದ ಬೀಗದ ಪೆಟ್ಟಿಗೆಯಲ್ಲಿ ಅವರ ಪಿಸ್ತೂಲಿರುತ್ತಿತ್ತು. ಗುಂಡುಗಳು ಇನ್ನೊಂದು ಪೆಟ್ಟಿಗೆಯಲ್ಲಿ.

“ನಾನು ನೋಡ್ಕೋತೀನಿ, ನೀವು ಹೋಗಿ ಬನ್ನಿ ಅಂಕಲ್” ಅಂದರೆ, “ಲೈಸೆನ್ಸ್ ನಿನ್ನ ಹೆಸರಲ್ಲಿದೆಯಾ ಕುಂಞಿ?” ಅನ್ನುತ್ತಿದ್ದರು. ಕುಂಞಿ ಅಂದರೆ ಕೊಡವರಲ್ಲಿ ಮಗು. ನಲವತ್ತು ದಾಟಿದ ನನಗೆ ಆ ಹೆಸರು.

ಸಿಡ್ನಿಯ ಗಿರಾವೀನ್‌ನಲ್ಲಿ ಅವರು ನಮ್ಮ ಪಕ್ಕದ ಮನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಟೈಲ್ಸ್ ಹಾಕಿ ಸ್ವಂತ ಮನೆ ಮಾಡಿಕೊಂಡೆ. ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆದರೆ ಪೊಲೀಸರನ್ನು ಕಂಡರೆ ಭಯ. ಒಮ್ಮೆ ರಾಜ್ಯದ ಗಡಿಯ ಹತ್ತಿರ, ಕುಡಿದು ಓಡಿಸುತ್ತಿದ್ದೇನೆಯೇ ಎಂದು ನೋಡಲು ಪೊಲೀಸ್ ಹುಡುಗಿಯೊಬ್ಬಳು ವ್ಯಾನು ನಿಲ್ಲಿಸಿದಳು. ನಾನು ಊದುವುದರೊಳಗೆ ಅಂಕಲ್ ಎರಡೂ ಕೈ ಎದುರಿಗಿಟ್ಟು, ಹಿಂದೆ ಪಿಸ್ತೂಲಿದೆ, ಕ್ಲಬ್ಬಿನ ಪಂದ್ಯಕ್ಕೆ ಹೋಗ್ತಿದ್ದೀವಿ, ಕಾಗದ ತೋರಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲ ಇಳಿಸಿ, ತೋರಿಸಿ, ಮತ್ತೆ ತುಂಬುವಷ್ಟರಲ್ಲಿ ನನಗೆ ಸಾಕಾಗಿತ್ತು.

“ಅವಳು ಕೇಳಿದ್ದು ಊದು ಅಂತ. ನಿಮ್ಮನ್ನ ಯಾರು ಕೇಳಿದ್ರು?”

“ಪಿಸ್ತೂಲು ಯಾರ ಕಣ್ಣಿಗೂ ಬೀಳಬಾರ್ದು. ಬಚ್ಚಿಟ್ಟ ಹಾಗೂ ಇರಬಾರ್ದು. ನೀನು ಗಾಡಿ ಓಡಿಸು.”

ಅವರ ಮಗಳು ದೇಚಮ್ಮ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಹೆಣ್ಣು ಹೆತ್ತಾಗ ಅಂಕಲ್ ಅಲ್ಲಿನ ಕ್ಲಬ್ಬಿನ ಪಂದ್ಯಕ್ಕೆ ಹೆಸರು ಕೊಟ್ಟರು. ಕಣ್ಣು ಮೊದಲಿನಂತಿರಲಿಲ್ಲ. ಆ ಸಲ ಲೈಸೆನ್ಸ್ ಮುಗಿದರೆ ಮತ್ತೆ ಮಾಡಿಸುವುದಿಲ್ಲ ಎಂದು ತಾವೇ ತೀರ್ಮಾನಿಸಿದ್ದರು. ಕೊಡವರ ಮನೆಯಲ್ಲಿ ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಆದರೆ ಅವರ ಕಾಲದಲ್ಲಿ ಅದು ಗಂಡಿಗೆ ಮಾತ್ರ. “ದೇಚು ಹುಟ್ಟಿದ ದಿನ ಕೋವಿ ಗೋಡೆ ಮೇಲೇ ಇತ್ತು. ನಮ್ಮಪ್ಪ ಇಳಿಸಲಿಲ್ಲ, ನಾನೂ ಬಾಯಿಬಿಡಲಿಲ್ಲ” ಎಂದು ದಾರಿಯಲ್ಲಿ ಹೇಳಿದರು. ಮೊಮ್ಮಗಳಿಗಾದರೂ ಆ ಸದ್ದು ಕೇಳಿಸಬೇಕು. ಆದರೆ ಇಲ್ಲಿ ಮನೆ ಹಿತ್ತಲಲ್ಲಿ ಗುಂಡು ಹಾರಿಸಿದರೆ ಜೈಲು. ಅದಕ್ಕೇ ಈ ಪಂದ್ಯ.

ಅದು ಒಬ್ಬೊಬ್ಬರಾಗಿ ಗುಂಡು ಹಾರಿಸುವ ಪಂದ್ಯ. ಮೊದಲ ಸರದಿ ಅಂಕಲ್ ಕೇಳಿ ಪಡೆದಿದ್ದರು. ಹೊರಗೆ ಕಾರ್ ಪಾರ್ಕಿನಲ್ಲಿ ದೇಚಮ್ಮ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅಂಕಲ್ ಗುರಿಯಿಟ್ಟರು, ಒಂದು ಗುಂಡು ಹಾರಿಸಿದರು. ಮಿಕ್ಕ ಗುಂಡು ತೆಗೆದು ಪಿಸ್ತೂಲು ಕೆಳಗಿಟ್ಟರು. ಮೇಲ್ವಿಚಾರಣೆಯ ಹೆಂಗಸು ಪಿಸ್ತೂಲಿನಲ್ಲಿ ಏನಾದರೂ ಸಿಕ್ಕಿಕೊಂಡಿತೇ ಎಂದಳು. ಇಲ್ಲ, ನನ್ನದು ಮುಗಿಯಿತು ಎಂದರು.

ನನಗೆ ರೇಗಿತು. “ಅಷ್ಟು ದೂರದಿಂದ ಬಂದು ಪಂದ್ಯ ಬಿಡ್ತೀರಾ? ಇನ್ನೂ ಹಾರಿಸಿ ಅಂಕಲ್.”

“ಎರಡಾದ್ರೆ ಸಾವಿನ ಸುದ್ದಿ ಕುಂಞಿ. ಇವತ್ತು ಒಂದೇ.”

ಹೊರಗೆ ಬಂದಾಗ ಕೂಸು ಕಿರುಚಿ ಅಳುತ್ತಿತ್ತು. “ಅಪ್ಪ, ಮಲಗಿದ್ದವಳನ್ನ ಎಬ್ಬಿಸಿಬಿಟ್ರಿ” ಎಂದು ದೇಚಮ್ಮ ಗದರಿದಳು, ಅವಳ ಕಣ್ಣೂ ಒದ್ದೆಯಾಗಿತ್ತು. ಅಂಕಲ್ ಕಿವಿಯ ಮುಚ್ಚಳ ತೆಗೆಯುವುದನ್ನೂ ಮರೆತು ನಗುತ್ತ ನಿಂತಿದ್ದರು.

ಲೈಸೆನ್ಸ್ ಮುಗಿದು ಪಿಸ್ತೂಲನ್ನು ಬಂದೂಕಿನ ಡೀಲರಿಗೆ ಒಪ್ಪಿಸಿದ ಮೇಲೆ ಒಮ್ಮೆ ಕೂಸಿನ ಹುಟ್ಟುಹಬ್ಬಕ್ಕೆ ಇಬ್ಬರೂ ಹೊರಟೆವು. ಹಾಲ್‌ಬ್ರೂಕಿನಲ್ಲಿ ಮೊದಲ ಸಲ ಎದುರುಬದುರು ಕೂತೆವು. ಅಂಕಲ್ ಗಟಗಟ ನೀರು ಕುಡಿದರು. ಆದರೆ ದೃಷ್ಟಿ ಕಿಟಕಿಯಾಚೆ.

“ಅಲ್ಲೇನೂ ಇಲ್ಲ ಅಂಕಲ್.”

“ಗೊತ್ತು ಮಾರಾಯ. ಊಟ ಮಾಡು.” ಲೋಟ ಕೆಳಗಿಟ್ಟು, “ನಾನು ಹೋದಾಗ ಎರಡು ಗುಂಡು ಅಂತ ಯಾರನ್ನೂ ಪರ್ಮಿಷನ್ ಕೇಳ್ಕೊಂಡು ಅಲೀಬೇಡ. ಆ ಒಂದು ಹಾರಿಸಿದ್ನಲ್ಲ, ಸಾಕು” ಎಂದರು.

ಮಗಳ ಮನೆಯಲ್ಲೇ ಉಳಿದರು. ಚಳಿಗಾಲದಲ್ಲಿ ಅಲ್ಲೇ ಹೋದರು. ಸದ್ದಿಲ್ಲದೆ ಕಳಿಸಿಕೊಟ್ಟೆವು. ವಾಪಸು ಬರುವಾಗ ಹಾಲ್‌ಬ್ರೂಕಿನಲ್ಲಿ ನಿಲ್ಲಿಸಿ ಒಳಗೆ ಹೋದೆ. ಕೂರಲಾಗಲಿಲ್ಲ. ಪೊಟ್ಟಣ ಕಟ್ಟಿಸಿಕೊಂಡು ಬಂದು, ವ್ಯಾನಿಗೆ ಒರಗಿ ನಿಂತು ತಿಂದೆ.