ಅಗಲ ಗಾಲಿ ಬೇಕೆಂದ ಹುಡುಗ

ನನಗಾಗ ಅರವತ್ತೆರಡು. ಇಪ್ಪತ್ತು ವರ್ಷದ ಹಿಂದಿನ ಮಾತು. ಆಂಧ್ರ ಇನ್ನೂ ಒಡೆದಿರಲಿಲ್ಲ, ಹೈದರಾಬಾದಿನಲ್ಲಿ ಮೆಟ್ರೋ ಕಂಬಗಳೂ ಎದ್ದಿರಲಿಲ್ಲ. ಮೊಮ್ಮಗಳಿಗೆ ಒಂದು ವರ ಬಂದಿತ್ತು. ಹುಡುಗನ ಮನೆ ಉಪ್ಪಲ್‌ನಲ್ಲಿ, ಮೂಲ ಧಾರವಾಡದ ಕಡೆಯವರು, ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಇಂಜಿನಿಯರ್. ನಾಂಪಲ್ಲಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಮಗ ಒಂದೇ ಭೇಟಿಗೆ ಒಪ್ಪಿಕೊಂಡು ಕೂತಿದ್ದ. ಮೊಮ್ಮಗಳೂ ಬೇಡ ಅಂದಿರಲಿಲ್ಲ. ಹೂಂ ಅನ್ನದೆ ಉಳಿದವಳು ನಾನೊಬ್ಬಳೇ.

ಕಾರಣ ಆ ಹುಡುಗನ ಕಾರು. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿ ಹೊಂಚು ಹಾಕಿದ ಬೆಕ್ಕಿನ ಹಾಗೆ, ಎರಡೇ ಸೀಟು. ಸ್ಪೋರ್ಟ್ಸ್ ಕಾರು ಅಂದರು. ಯಾರೋ ಮಾರಿದ್ದನ್ನು ಕೊಂಡು, ರಜೆ ದಿನ ತಾನೇ ಬಿಚ್ಚಿ ಜೋಡಿಸಿ ಓಡಿಸುತ್ತಿದ್ದ. ಎರಡೇ ಸೀಟಿನ ಕಾರು ಕೊಂಡವನ ತಲೆಯಲ್ಲಿ ಮೂರನೆಯವರಿಗೆ ಜಾಗ ಇರುತ್ತದೇನು? ಅವನ ತಾಯಿ ಎಲ್ಲಿ ಕೂಡಬೇಕು? ನಾಳೆ ಕೂಸು ಹುಟ್ಟಿದರೆ ಅದನ್ನು ಎಲ್ಲಿ ಇಡಬೇಕು?

ಈ ಸಂಶಯ ಸುಮ್ಮನೆ ಬಂದದ್ದಲ್ಲ. ನನ್ನ ಮಗಳನ್ನು ಬರೀ ಮಾತು ಕೇಳಿ ಕೊಟ್ಟಿದ್ದೆವು. ಅವಳ ಗಂಡನಿಗೆ ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ. ಆದರೆ ತಾನು ಮೆಚ್ಚಿದ್ದರಲ್ಲಿ ಐಬು ಕಂಡರೆ ಐಬೇ ಇಲ್ಲ ಅನ್ನುವವನು. ಸೋರುವ ಮನೆ ಬಾಡಿಗೆ ಹಿಡಿದು ಸೋರುವುದಿಲ್ಲ ಅಂದ. ಹಾಸಿಗೆ ತೊಯ್ದರೂ ಸೋರುವುದಿಲ್ಲ ಅಂದ. ಆ ಮನೆಯಲ್ಲಿ ಕೂಸಿಗೆ ಜ್ವರ ಬಂದಾಗಲೂ ಏನಿಲ್ಲ ಅಂದ. ಕೂಸು ಉಳಿಯಲಿಲ್ಲ. ಮಗಳು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು, ಮತ್ತೆ ಹೋಗಲಿಲ್ಲ. ಅಂಥ ಇನ್ನೊಬ್ಬ ಅಳಿಯ ಬೇಡವಾಗಿತ್ತು ನನಗೆ.

ನನ್ನನ್ನು ಕೊಡುವ ಮೊದಲು ನನ್ನ ಅಪ್ಪ ಹುಡುಗನನ್ನು ದನದ ಸಂತೆಗೆ ಕರೆದುಕೊಂಡು ಹೋಗಿದ್ದ. ಎತ್ತು ಕೊಳ್ಳುವುದು ನೆಪ. ಹುಡುಗ ಎತ್ತಿನ ಹಲ್ಲು ನೋಡಿದರೆ ಅಪ್ಪ ಹುಡುಗನ ಮುಖ ನೋಡುತ್ತಿದ್ದನಂತೆ. ತನ್ನ ಮನಸ್ಸು ಕೂತ ಎತ್ತಿನ ಐಬನ್ನು ತಾನೇ ಬಾಯಿಬಿಟ್ಟು ಹೇಳುವವನಿಗೆ ಹೆಣ್ಣು ಕೊಡಬಹುದು ಅನ್ನುವುದು ಅಪ್ಪನ ಲೆಕ್ಕ. ಹೈದರಾಬಾದಿನಲ್ಲಿ ನಾನು ಎತ್ತು ಎಲ್ಲಿಂದ ತರಲಿ?

ಒಂದು ಎರಡನೇ ಶನಿವಾರ ಹುಡುಗ ಮನೆಗೆ ಬಂದ. ಚಹಾ ಕುಡಿಯುತ್ತ, ಕಾರಿನ ಟೈರು ಸವೆದಿವೆ, ರಾಣಿಗಂಜಿಗೆ ಹೋಗಿ ಬೇರೆ ಹಾಕಿಸಬೇಕು, ಈ ಸಲ ಅಗಲದವು ಅಂದ. ಇದ್ದಷ್ಟೇ ಅಗಲ ಯಾಕೆ ಸಾಲದು ಅಂತ ಕೇಳಿದೆ. ಅಗಲ ಇದ್ದರೆ ತಿರುವಿನಲ್ಲಿ ಕಾರು ನೆಲ ಬಿಗಿ ಹಿಡಿಯುತ್ತದಂತೆ. ತಿರುವಿನಲ್ಲಿ ನಿಧಾನ ಹೋದರೆ ಆಗದೇನು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನನಗೆ ಎತ್ತು ಸಿಕ್ಕಿತ್ತು.

"ನಾನೂ ಬರ್ತೀನಿ ತಮ್ಮಾ" ಅಂದೆ.

ಮಗ ಹಲ್ಲು ಕಚ್ಚಿ ನನ್ನ ಕಡೆ ನೋಡಿದ. ಮೊಮ್ಮಗಳು ಮಾತ್ರ ಬಾಗಿಲ ಮರೆಯಿಂದ, "ಅಜ್ಜೀ, ಆ ಸೀಟಿನ್ಯಾಗ ಮೊದಲ ಕುಂದ್ರಬೇಕಾದಾಕಿ ನಾನು" ಅಂತ ಚುಚ್ಚಿದಳು.

"ಬಡಸೂಕಿಂತ ಮೊದಲ ಉಪ್ಪು ನೋಡಾಕಿ ನಾನ" ಅಂದು ಸೆರಗು ಸಿಕ್ಕಿಸಿಕೊಂಡೆ.

ಆ ಕಾರನ್ನು ಹತ್ತುವುದಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು. ದಾರಿಯುದ್ದಕ್ಕೂ ಪಕ್ಕದ ಬಸ್ಸಿನ ಗಾಲಿಗಳೇ ನನ್ನ ಕಣ್ಣಿಗೆ ಸರಿಸಮ ಬಂದವು.

ಅಂಗಡಿಯವ ದಪ್ಪ ಮನುಷ್ಯ, ತೆಲುಗು ಹಿಂದಿ ಕಲಸಿ ಮಾತಾಡುತ್ತಿದ್ದ. ಟೈರಿನ ಮೈಮೇಲೆ ಬರೆದ ಮೊದಲ ಅಂಕಿಯೇ ಅದರ ಅಗಲ ಅಂತ ಹುಡುಗ ನನಗೆ ತೋರಿಸಿದ. ನನಗೆ ಅಕ್ಷರ ಕೂಡಿಸಿ ಕೂಡಿಸಿ ಓದಬೇಕು, ಅಂಕಿ ಮಾತ್ರ ಬಸ್ಸಿನ ನಂಬರು ನೋಡಿ ನೋಡಿ ಪಕ್ಕಾ ಆಗಿವೆ. ಕಾರಿಗಿದ್ದದ್ದು ನೂರಾ ಅರವತ್ತೈದು. ಅಂಗಡಿಯವ ನೂರಾ ಎಂಬತ್ತೈದು ತೋರಿಸಿ, ಅದರ ಮುಂದೆ ಎರಡು ನೂರಾ ಐದು ಉರುಳಿಸಿದ. ಹುಡುಗನ ಮುಖ ಅರಳಿತು. ಸೀರೆ ಅಂಗಡಿಯಲ್ಲಿ ಹೆಂಗಸರು ಸೆರಗು ಸವರಿ ನೋಡುವ ಹಾಗೆ ಆ ದೊಡ್ಡ ಟೈರನ್ನು ಸವರಿದ. ಇನ್ನು ಇವನಿಗೆ ಏನೂ ಐಬು ಕಾಣುವುದಿಲ್ಲ ಅಂದುಕೊಂಡೆ.

ಮುಂದಿನ ಎರಡು ಗಾಲಿಗೆ ಅವನ್ನೇ ಹಾಕಿ, ಜಾಕಿ ಇಳಿಸಿ, ಸ್ಟೇರಿಂಗ್ ಈ ಕಡೆ ಆ ಕಡೆ ಪೂರ್ತಿ ತಿರುಗಿಸಿದರು. ಎಲ್ಲೂ ತಾಗಲಿಲ್ಲ. ಅಂಗಡಿಯವ ನನಗೇ ಕೈ ತೋರಿಸಿ ನೋಡಿ ಅಮ್ಮಾ ಅಂದ. ಕೊಳ್ಳುವವನನ್ನು ಬಿಟ್ಟು ಪಕ್ಕದವರನ್ನು ಒಪ್ಪಿಸುವ ವ್ಯಾಪಾರಿಯನ್ನು ನಾನು ನಂಬುವುದಿಲ್ಲ. ಹುಡುಗ, ಖಾಲಿ ಕಾರು ನೋಡಿದರೆ ಆಗದು, ಇಬ್ಬರು ಕೂತು ನೋಡಬೇಕು ಅಂದ. ಅಂದು ನನ್ನ ಕಡೆ ತಿರುಗಿದ. ನನ್ನ ಮೈಭಾರ ಹೇಳಿ ತೋರಿಸಬೇಕಾದ್ದಲ್ಲ. ಎಲಾ, ಬರ್ತೀನಿ ಅಂದಾಗ ಇವನು ಒಂದೇ ಮಾತಿಗೆ ಒಪ್ಪಿದ್ದು ಇದಕ್ಕೇ ಅನ್ನಿಸಿತು. ಆದರೂ ಕೂತೆ.

ಅಂಗಡಿಯ ಹಿಂದೆ ತಗ್ಗು ದಿನ್ನೆಯ ಒಂದು ಓಣಿ. ಪೂರ್ತಿ ತಿರುಗಿಸಿದ ಗಾಲಿ ತಗ್ಗಿಗೆ ಇಳಿದಾಗ ನನ್ನ ಕಾಲಿನ ಹತ್ತಿರ ಚರ್ರ್ ಅಂತ ಸಪ್ಪಳ ಆಯಿತು. ಮೇಲಿನ ತಗಡಿಗೆ ಗಾಲಿ ತಿಕ್ಕಿದ ಸಪ್ಪಳ. ಹುಡುಗ ಕಾರು ನಿಲ್ಲಿಸಿದ.

"ಅಜ್ಜಿ, ಏನರ ಸಪ್ಪಳ ಕೇಳ್ತೇನ್ರಿ?"

"ನನಗೇನೂ ಕೇಳಲಿಲ್ಲಪಾ" ಅಂದೆ. ಬೇಕಂತಲೇ ಅಂದೆ. ಹಿರಿಯಳೇ ಸಪ್ಪಳ ಇಲ್ಲ ಅಂದ ಮೇಲೆ, ಮನಸ್ಸು ಟೈರಿನ ಮೇಲೆ ಇದ್ದವನಿಗೆ ಅದು ಸಾಕು.

ಅವನು ಕಾರನ್ನು ಹಿಂದಕ್ಕೆ ತೆಗೆದು ಅದೇ ತಗ್ಗಿಗೆ ಮತ್ತೆ ಇಳಿಸಿದ. ಮತ್ತೆ ಚರ್ರ್. ಇಳಿದು, ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲಕ್ಕೆ ಮೈ ಹಾಸಿ ನೋಡಿ ಬಂದ.

"ತಿಕ್ಕಾಕತ್ತೈತ್ರಿ. ನೀವು ಕುಂತ ಬಾಜೂದಾಗನ ಐತಿ. ನಿಮಗ ಕೇಳಿರಬೇಕು."

ವಯಸ್ಸಾಯಿತು, ಕಿವಿ ಮೊದಲಿನ ಹಾಗೆ ಇಲ್ಲ ಅಂತ ಏನೋ ಅಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ಅಂಗಡಿಯವ ಬಿಡುವವನಲ್ಲ. ಒಳಗಿನ ತಗಡಿನ ಅಂಚು ಬಡಿದು ಮಡಿಸಿ ಕೊಡುತ್ತೇನೆ, ಎಲ್ಲರೂ ಹಾಗೇ ಮಾಡಿಸುತ್ತಾರೆ ಅಂದ. ಹುಡುಗ ಭಾಳ ಹೊತ್ತು ಆ ಟೈರು ನೋಡುತ್ತ ನಿಂತ. ನಾನು ಅವನ ಮುಖ ನೋಡುತ್ತ ನಿಂತೆ. ಕೊನೆಗೆ ಬೇಡ, ನಾಲ್ಕಕ್ಕೂ ನೂರಾ ಎಂಬತ್ತೈದೇ ಹಾಕಿ ಅಂದ. ಅಂಗಡಿಯವ ಹಾಕಿದ, ಆದರೆ ಅಗಲದವನ್ನು ಒಂದು ಮೂಲೆಗೆ ತೆಗೆದಿಟ್ಟು, ರಾತ್ರಿ ಅಂಗಡಿ ಮುಚ್ಚುವ ತನಕ ಇರುತ್ತೇನೆ, ಮನಸ್ಸು ಬದಲಾದರೆ ಬನ್ನಿ ಅಂದ.

ತಿರುಗಿ ಬರುವಾಗ ಹುಡುಗ ತಾನಾಗಿ, "ಒಬ್ಬನ ಓಡಾಡೂದಾಗಿದ್ರ ದೊಡ್ಡವ ಹಾಕಸ್ತಿದ್ದೆ ಅಜ್ಜಿ. ಇನ್ನ ಮ್ಯಾಲೆ ಇಬ್ಬರು ಕುಂದ್ರವರು" ಅಂದ.

ಅಲ್ಲಿಯ ತನಕ ಎಲ್ಲ ಸರಿ ಇತ್ತು, ಈ ಮಾತು ಹೆಚ್ಚಾಯಿತು. ಹಾಲಿಗೆ ಸಕ್ಕರೆ ಹೆಚ್ಚು ಹಾಕಿದರೆ ಯಾಕೆ ಹಾಕಿದರು ಅಂತ ನೋಡಬೇಕು. ನನ್ನ ಮುಂದೆ ಸಣ್ಣವು ಹಾಕಿಸಿ, ನನ್ನನ್ನು ಮನೆಗೆ ಬಿಟ್ಟು, ತಿರುಗಿ ಹೋಗಿ ದೊಡ್ಡವು ಹಾಕಿಸಿಕೊಂಡರೆ ಯಾರು ಕೇಳಬೇಕು? ಆ ಸಂಜೆ ಮಗ ಏನಾಯಿತು ಅಂತ ಕೇಳಿದ. ನಾಳೆ ಹೇಳುತ್ತೇನೆ ಅಂದೆ.

ಮರುದಿನ ಬೆಳಿಗ್ಗೆ ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಹಾಕಿಕೊಂಡು ಉಪ್ಪಲ್ ಬಸ್ಸು ಹತ್ತಿದೆ. ಹುಡುಗ ಇನ್ನೂ ಎದ್ದಿರಲಿಲ್ಲ, ಅವನ ತಾಯಿ ಅಂಗಳಕ್ಕೆ ನೀರು ಹಾಕುತ್ತಿದ್ದರು. ನಾನು ನೇರ ಕಾರಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಮುಂದಿನ ಎರಡೂ ನೂರಾ ಎಂಬತ್ತೈದು. ಹಿಂದಿನವು ಸ್ಟೇರಿಂಗಿಗೆ ತಿರುಗುವ ಗಾಲಿಗಳಲ್ಲ, ಅಲ್ಲಿ ದೊಡ್ಡವು ಹಾಕಿದರೂ ಸಪ್ಪಳ ಬಾರದೆ ಹೋದೀತು ಅಂತ ಹಿಂದಕ್ಕೂ ಹೋದೆ. ಒಂದು ಸರಿ ಇತ್ತು. ಕೊನೆಯದು ಗೋಡೆಯ ಕಡೆ. ಸಂದಿಯಲ್ಲಿ ತುರುಕಿಕೊಂಡು, ಕೆಸರು ಸೆರಗಿನಿಂದ ಒರೆಸಿ, ಅಂಕಿಯ ಮೇಲೆ ಬೆರಳಿಟ್ಟು ಓದಿದೆ.

"ಏನ್ ಬಿತ್ರಿ ಅಮ್ಮಾರ?" ಅಂತ ಅವನ ತಾಯಿ ತಂಬಿಗೆ ಹಿಡಿದೇ ಓಡಿ ಬಂದರು.

"ಏನೂ ಬಿದ್ದಿಲ್ಲವಾ, ಗಾಲಿ ನೋಡಾಕತ್ತೀನಿ" ಅಂದೆ. ಅವರ ಕೈ ಹಿಡಿದು ಎದ್ದು, ಒಳಗೆ ಹೋಗಿ ಚಹಾ ಕುಡಿದು, ಹೆಣ್ಣು ಕೊಡುತ್ತೇವೆ ಅಂತ ಹೇಳಿ ಬಂದೆ.