ಎರಡು ಬೆರಳಿನ ಜಾಗ

ವಿಶ್ವವಿದ್ಯಾಲಯದ ಆ ವಿಭಾಗದ ಬಾಗಿಲುಗಳ ಮೇಲಿನ ಹೆಸರುಗಳನ್ನೆಲ್ಲ ಇಪ್ಪತ್ತೇಳು ವರ್ಷಗಳಿಂದ ಬರೆಯುತ್ತಿದ್ದವಳು ಬೋರ್ಡಕ್ಕ. ಅವಳ ಹುದ್ದೆ ಕಚೇರಿ ಸಹಾಯಕಿಯದು. ಕಡತ, ಟಪಾಲು, ಹಾಜರಿ ಪುಸ್ತಕ, ಇಷ್ಟೇ. ಬೋರ್ಡು ಬರೆಯಬೇಕೆಂದು ಯಾವ ಆದೇಶದಲ್ಲೂ ಇರಲಿಲ್ಲ. ಆದರೆ ಅಂಗಡಿಗಳಿಗೆ ಫಲಕ ಬರೆದು ಸಂಸಾರ ಸಾಕಿದ ಅಪ್ಪನಿಂದ ಬಂದ ಕೈ ಅದು, ಸುಮ್ಮನಿರಬೇಕಲ್ಲ! ಕೆಲಸಕ್ಕೆ ಸೇರಿದ ವಾರವೇ ಯಾರದೋ ಸೊಟ್ಟಪಟ್ಟ ಅಕ್ಷರ ನೋಡಲಾರದೆ ಕುಂಚ ಹಿಡಿದಳು. ಅಲ್ಲಿಂದ ಆ ಕೆಲಸ ಅವಳ ಕೊರಳಿಗೇ ಬಿತ್ತು.

ಕರಿ ಹಲಗೆ, ಬಿಳಿ ಬಣ್ಣ. ಅಕ್ಷರ ಬರೆಯುವುದೇನು ಮಹಾ? ಕಷ್ಟವೆಲ್ಲ ಹೆಸರಿಗೆ ಮೊದಲು ಬರುವ ಆ ‘ಡಾ.’ದು. ಒಬ್ಬ ಪ್ರಾಧ್ಯಾಪಕರು ತಮ್ಮನ್ನು ಬರೀ ‘ಸರ್’ ಎಂದವರ ಜೊತೆ ಅರ್ಧ ದಿನ ಮಾತು ಬಿಡುತ್ತಿದ್ದರು. ಇನ್ನೊಬ್ಬರಿಗೆ ಎರಡೆರಡು ಡಾಕ್ಟರೇಟು. “ಎರಡು ಸಲ ಬರೆದರೆ ತಪ್ಪೇನಮ್ಮ?” ಎಂದು ಕೇಳಿದ್ದರು. “ಹಲಗೆ ಸಾಲಲ್ಲ ಸರ್, ಗೋಡೆ ಮೇಲೆ ಬರೀಲಾ?” ಎಂದಿದ್ದಳು ಇವಳು. ವಿಭಾಗದ ಮುಖ್ಯಸ್ಥರಿಗೆ ಡಾಕ್ಟರೇಟೇ ಇರಲಿಲ್ಲ. ಹೊರಗಿನಿಂದ ಬಂದ ಅತಿಥಿಗಳು “ಡಾಕ್ಟರೇ” ಎಂದರೆ ಅವರು ತಿದ್ದುತ್ತಲೂ ಇರಲಿಲ್ಲ. ಆಗೆಲ್ಲ ಬೋರ್ಡಕ್ಕನಿಗೆ ಕೆಮ್ಮು ಬರುತ್ತಿತ್ತು.

ಅವಳ ಲೆಕ್ಕ ಖಡಕ್ಕು. ವೈವಾ ಎಂಬ ಮೌಖಿಕ ಪರೀಕ್ಷೆ ಮುಗಿದು, ಒಳಗಿನವರು ಬಾಗಿಲು ತೆರೆದು ‘ಡಾಕ್ಟರ್’ ಎಂದು ಕರೆಯುವ ತನಕ ಯಾರೂ ಡಾಕ್ಟರಲ್ಲ. ಅವರಪ್ಪನಾಣೆಗೂ ಅಲ್ಲ. ಆದರೆ ಸಂಶೋಧನೆಗೆ ಸೇರಿದವರ ಬೋರ್ಡು ಬರೆಯುವಾಗ ಎಡಗಡೆ ಎರಡು ಬೆರಳಷ್ಟು ಜಾಗ ಖಾಲಿ ಬಿಡುತ್ತಿದ್ದಳು. ವೈವಾ ಆದ ದಿನ ಆ ಜಾಗ ತುಂಬುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆದರೂ ಸಂಶೋಧಕರ ಕೋಣೆಯಲ್ಲಿ ಕೂರುವ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಆ ಕೋಣೆಯ ಅತಿ ಹಳೆಯ ಆಸಾಮಿ ‘ಕೊನೇ ಅಧ್ಯಾಯ’. ನಲವತ್ತಾರರ ಮನುಷ್ಯ, ಬೆಳಿಗ್ಗೆ ಟ್ಯುಟೋರಿಯಲ್‌ನಲ್ಲಿ ಪಾಠ, ಮಧ್ಯಾಹ್ನ ಇಲ್ಲಿ. ಯಾರು ಕೇಳಿದರೂ “ಕೊನೇ ಅಧ್ಯಾಯ ಒಂದು ಬಾಕಿ” ಎನ್ನುತ್ತಿದ್ದುದರಿಂದ ಆ ಹೆಸರು. ಅವನ ನಂತರ ಬಂದ ಹುಡುಗಿಯರು ಡಾಕ್ಟರಾಗಿ, ಅವನಿಗೇ ಪಾಠ ಹೇಳುವಷ್ಟಾಗಿ ಹೋದರು. ಅವನು ಮಾತ್ರ ದಿನಾ ಬಾಗಿಲಲ್ಲಿ ನಿಂತು, ತನ್ನ ಹೆಸರಿನ ಎಡಗಡೆಯ ಖಾಲಿ ಜಾಗವನ್ನು ಎರಡು ಬೆರಳಿಂದ ಮುಟ್ಟಿಯೇ ಒಳಗೆ ಹೋಗುತ್ತಿದ್ದ. ಹನ್ನೊಂದು ವರ್ಷ! ಅಷ್ಟು ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು.

ಈ ಸಲ ವಿಶ್ವವಿದ್ಯಾಲಯಕ್ಕೂ ಸಾಕಾಗಿತ್ತು. ಶುಕ್ರವಾರ ಸಂಜೆ ಐದರೊಳಗೆ ಮಹಾಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಆ ಪತ್ರ ಟೈಪು ಮಾಡಿದವಳೂ ಬೋರ್ಡಕ್ಕನೇ. “ಹದಿನೈದು ಪುಟ ಅಷ್ಟೇ ಅಕ್ಕ, ಮುಗಿಸ್ತೀನಿ” ಎಂದು ಅವನು ನಕ್ಕಿದ್ದ.

ಅದೇ ವಾರದ ಸೋಮವಾರ ಬಾಗಿಲುಗಳಿಗೆಲ್ಲ ಹೊಸ ಬಣ್ಣವಾಗಿ, ಹದಿನಾಲ್ಕು ಬೋರ್ಡುಗಳನ್ನೂ ಒಂದೇ ಮಧ್ಯಾಹ್ನ ಹೊಸದಾಗಿ ಬರೆದು ಮುಗಿಸಬೇಕಾಯಿತು. ಬರೆದಳು, ನೇತುಹಾಕಿದಳು. ಮಂಗಳವಾರ ಕೊನೇ ಅಧ್ಯಾಯ ಬಂದವನು ಬಾಗಿಲಲ್ಲಿ ನಿಂತ. ಎರಡು ಬೆರಳು ಎತ್ತಿದ. ಎತ್ತಿದ ಬೆರಳು ಹಾಗೇ ನಿಂತಿತು. “ಚೆನ್ನಾಗಿ ಬಂದಿದೆ ಅಕ್ಕ” ಎಂದು ಚೀಲ ಹೆಗಲಿಗೇರಿಸಿ, ಒಳಗೂ ಹೋಗದೆ ಹೊರಟುಹೋದ.

ಇವಳಿಗೆ ತಲೆಬುಡ ತಿಳಿಯಲಿಲ್ಲ. ಸಂಜೆ ಬೀಗ ಹಾಕುವಾಗ ಕಣ್ಣೆತ್ತಿ ನೋಡಿದಳು. ಅವನ ಹೆಸರು ಹಲಗೆಯ ಎಡಗಡೆ ಅಂಚಿನಿಂದಲೇ ಶುರುವಾಗಿತ್ತು. ಜಾಗವೇ ಇರಲಿಲ್ಲ.

ಬುಧವಾರ ಅವನು ಬರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಬೋರ್ಡಕ್ಕ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಟಪಾಲಿಗೆ ತಪ್ಪು ಮುದ್ರೆ ಒತ್ತಿದಳು, ಹಾಜರಿ ಪುಸ್ತಕವನ್ನು ತಾನೇ ಇಟ್ಟು ತಾನೇ ಹುಡುಕಿದಳು. ಯಾರಾದರೂ ಮೆಟ್ಟಿಲು ಹತ್ತಿದರೆ ಸಾಕು, ಎದ್ದು ಇಣುಕುವಳು. ಗುರುವಾರ ಬೆಳಿಗ್ಗೆ, ಬಸ್ ಡಿಪೋದಲ್ಲಿ ಕೆಲಸ ಮಾಡುವ ಗಂಡ ಕೇಳಿಯೇಬಿಟ್ಟ.

“ಏನೇ ಇದು, ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಎರಡು ದಿನದಿಂದ ನೋಡ್ತಿದೀನಿ.”

ಹೇಳಿದಳು.

“ಅಯ್ಯೋ, ಇಷ್ಟೇನಾ! ಗಡಿಬಿಡೀಲಿ ಮರೆತೆ ಅಂತ ಹೇಳು, ಮುಗೀತಲ್ಲ.”

“ಮರೆತಿದ್ರೆ ಹೇಳ್ತಿದ್ದೆ ಕಣ್ರೀ.”

ಅಂದವಳಿಗೆ ತನ್ನ ಮಾತು ಕೇಳಿ ತನಗೇ ಗಾಬರಿಯಾಯಿತು. ಉಳಿದ ಐದು ಜನ ಸಂಶೋಧಕರಿಗೂ ಅದೇ ಗಡಿಬಿಡಿಯಲ್ಲೇ ಬರೆದದ್ದು. ಅವರೆಲ್ಲರಿಗೂ ಜಾಗ ಬಿಟ್ಟಿದ್ದಳಲ್ಲ?

ಮಧ್ಯಾಹ್ನ ಅರ್ಧ ದಿನ ರಜೆ ಬರೆದುಕೊಟ್ಟು ಅವನ ಮನೆಗೆ ಹೋದಳು. ಎರಡನೇ ಮಹಡಿ, ಬಟ್ಟೆ ಒಣಹಾಕಿದ ಕಿರಿದಾದ ಮೊಗಸಾಲೆ. ಅವನ ಹೆಂಡತಿ ಬಾಗಿಲು ತೆರೆದವಳೇ ದನಿ ತಗ್ಗಿಸಿದಳು. “ಎಲ್ಲಾ ಕಾಗದ ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದಾರೆ ಅಕ್ಕ. ಬೋರ್ಡಕ್ಕನೇ ಕೈಬಿಟ್ಟ ಮೇಲೆ ಇನ್ಯಾರಿಗೆ ಬರೀಲಿ ಅಂತಾರೆ. ನೀವಾದ್ರೂ ಹೇಳಿ.”

ಅವನು ಕಿಟಕಿಯ ಬಳಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ, ತಲೆ ಎತ್ತಲಿಲ್ಲ.

“ಹೊಸ ಬೋರ್ಡು ಬರೀತೀನಿ, ಬನ್ನಿ” ಎಂದಳು ಇವಳು.

“ಬೇಡ ಬಿಡಿ ಅಕ್ಕ. ಗಡಿಬಿಡೀಲಿ ಆಗಿರತ್ತೆ.”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವನೇ ದಾರಿ ಮಾಡಿಕೊಟ್ಟಿದ್ದ. ಬೋರ್ಡಕ್ಕನ ಬಾಯಿ ಕೇಳಬೇಕಲ್ಲ!

“ಗಡಿಬಿಡಿ ಅಲ್ಲ. ನೀವು ಮುಗಿಸಲ್ಲ ಅಂತ ನನ್ನ ಮನಸ್ಸಲ್ಲಿ ಕೂತುಬಿಟ್ಟಿತ್ತು. ಯಾವಾಗಿಂದಲೋ ಗೊತ್ತಿಲ್ಲ. ಕೈ ಹಾಗೇ ಬರೆದುಬಿಡ್ತು.”

ಅವನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಅವನ ಮುಖ ಕೆಂಪಗಾಯಿತು. “ನಿಮ್ಮ ಕೈ ಸುಳ್ಳು ಬರೆಯಲ್ಲ ಅಂತ ಊರಿಗೇ ಗೊತ್ತು.”

“ನನ್ನ ಕೈಗೆ ಏನ್ ಗೊತ್ತೋ ನಿನ್ನ ವಿಷಯ?” ಬೋರ್ಡಕ್ಕನಿಗೆ ಹನ್ನೊಂದು ವರ್ಷದ ‘ನೀವು’ ಮರೆತೇ ಹೋಯಿತು. “ನಾನೇನು ನಿನ್ನ ಗೈಡಾ? ಟಪಾಲಿಗೆ ಮುದ್ರೆ ಒತ್ತೋಳು. ನಾನು ಎರಡು ಬೆರಳು ಜಾಗ ಬಿಡ್ಲಿಲ್ಲ ಅಂತ ಹನ್ನೊಂದು ವರ್ಷದ ಕೆಲಸ ಅಟ್ಟಕ್ಕೆ ಹಾಕ್ತೀಯಾ? ತಪ್ಪು ನಂದು, ಒಪ್ಪಿದೆ. ನನ್ನ ಮೇಲೆ ಸಿಟ್ಟು ಮಾಡ್ಕೋ, ಮಾತು ಬಿಡು. ಆದ್ರೆ ಆ ಹದಿನೈದು ಪುಟ ಬರಿ.”

ಅವನು ಎದ್ದು ಬಾಗಿಲು ತೋರಿಸಿದ. “ಹೋಗಿ ಅಕ್ಕ” ಎಂದ. ಇವಳು ಮೆಟ್ಟಿಲಿಳಿದಳು. ಇದ್ದದ್ದನ್ನೂ ಕೆಡಿಸಿದೆನೆಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಶುಕ್ರವಾರ. ಮೂರು ಗಂಟೆ, ನಾಲ್ಕು, ನಾಲ್ಕೂವರೆ. ಸ್ವೀಕೃತಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಮುಖ್ಯಸ್ಥರು ಕೈಗಡಿಯಾರ ನೋಡಿ, “ಮುಚ್ಚಮ್ಮ ಇನ್ನು” ಎಂದರು. “ಐದಾಗಲಿ ಸರ್” ಎಂದಳು. ಆ ದನಿ ಕೇಳಿ ಅವರು ಕೋಣೆಗೆ ಹೋದರು.

ಐದಕ್ಕೆ ಎಂಟು ನಿಮಿಷವಿರುವಾಗ ಅವನು ಬಂದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಕೈಯಲ್ಲಿ ಬೈಂಡಿನ ಅಂಟಿನ್ನೂ ಆರದ ನಾಲ್ಕು ಪ್ರತಿ. ಮೇಜಿನ ಮೇಲೆ ದಪ್ಪೆಂದು ಇಟ್ಟು ಕಿಟಕಿಯತ್ತ ಮುಖ ತಿರುಗಿಸಿ ನಿಂತ. ಬೋರ್ಡಕ್ಕ ಪುಟ ಎಣಿಸಿದಳು, ಸಹಿ ನೋಡಿದಳು, ಮುದ್ರೆ ಒತ್ತಿದಳು. ಸ್ವೀಕೃತಿ ಚೀಟಿಯಲ್ಲಿ ಹೆಸರು ಬರೆಯಲು ಪೆನ್ನು ಎತ್ತಿದಾಗ ಅವಳ ಕೈ ಒಂದು ಗಳಿಗೆ ನಿಂತಿತು. ವೈವಾಕ್ಕೆ ಮುಂಚೆ ಯಾರೂ ಡಾಕ್ಟರಲ್ಲ, ಆ ಲೆಕ್ಕ ಇವತ್ತೂ ತಪ್ಪುವ ಹಾಗಿರಲಿಲ್ಲ. ಬರೆದು, ಚೀಟಿ ಹರಿದು ಕೊಟ್ಟಳು.

ಅವನು ನೋಡದೆಯೇ ಜೇಬಿಗೆ ಹಾಕಿ ಬಾಗಿಲ ತನಕ ಹೋದ. ಅಲ್ಲಿ ನಿಂತು, ಏನನ್ನಿಸಿತೋ, ಚೀಟಿಯನ್ನು ಮತ್ತೆ ಹೊರಗೆ ತೆಗೆದ. ಹೆಸರಿನ ಎಡಗಡೆ, ಗೆರೆಯ ಮೇಲೆ, ಖಾಲಿ ಜಾಗ.

ಬಹಳ ಹೊತ್ತು ನೋಡಿದ. ಆಮೇಲೆ ಎರಡು ಬೆರಳನ್ನು ಅದರ ಮೇಲಿಟ್ಟ. ಸರಿಯಾಗಿ ಕೂತಿತು.

“ಸೋಮವಾರ ಬರ್ತೀನಿ ಅಕ್ಕ” ಎಂದ, ಇನ್ನೂ ಸಿಟ್ಟಿನ ದನಿಯಲ್ಲೇ.