ಹಾಜರಿದ್ದ ಪ್ರಭುಗಳು

ಕಾಕು ಕೈ ಹಿಡಿದರೆ ಅದು ಕೈಕುಲುಕುವುದಲ್ಲ. ತಣ್ಣಗಿನ ಎರಡು ಬೆರಳು ನೇರ ನಮ್ಮ ಮಣಿಕಟ್ಟಿಗೆ ಹೋಗಿ ನಾಡಿಯ ಮೇಲೆ ಕೂರುತ್ತಿದ್ದವು. ಊಟ ಆಯಿತೇ, ಓದು ಹೇಗಿದೆ ಎಂದು ಕೇಳುತ್ತಲೇ ಒಳಗೊಳಗೆ ಎಣಿಸುತ್ತಿದ್ದರು. ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರಾಗಿ ಅವರು ನಿವೃತ್ತರಾಗಿದ್ದರು. ಬೆರಳುಗಳಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ.

ನಾನು ಆಗ ಮ್ಯಾಂಚೆಸ್ಟರಿನಲ್ಲಿ ವಿದ್ಯಾರ್ಥಿ. ಓದಿಗಿಂತ ಮಿಮಿಕ್ರಿಗೆ ಹೆಸರಾದವನು. ಕನ್ನಡ ಸಂಘದ ಯುಗಾದಿಯಲ್ಲಿ ವಂದನಾರ್ಪಣೆಗೂ ಊಟಕ್ಕೂ ನಡುವೆ ಜನ ಎದ್ದು ಹೋಗದಂತೆ ನನ್ನನ್ನು ವೇದಿಕೆಗೆ ತಳ್ಳುತ್ತಿದ್ದರು. ಮಾತುಮಾತಿಗೂ 'ಈ ಒಂದು ಸುಸಂದರ್ಭದಲ್ಲಿ' ಎನ್ನುವ ಅಧ್ಯಕ್ಷರು ನನ್ನ ಮೊದಲ ಬೇಟೆ. ಎರಡನೆಯವರು ಕಾಕು ಅವರ ಗಂಡ. ಊರಿಗೆಲ್ಲ ಜಿಪಿ, ಅಂದರೆ ಮನೆಡಾಕ್ಟರು, ಆಗಿದ್ದ ದಪ್ಪ ದನಿಯ ಮನುಷ್ಯ. ಪ್ರತಿ ವಾಕ್ಯಕ್ಕೂ ಮುನ್ನ ಒಂದು ಸಣ್ಣ ಕೆಮ್ಮು, ಆಮೇಲೆ 'ಏನಂದ್ರ...' ಎಂದು ಒಂದು ಎಳೆತ. ನಾನು ಅವರನ್ನು ಮಾಡಿ ತೋರಿಸಿದಾಗ ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಕೊನೆಗೆ ನನ್ನನ್ನೇ ನಾನು ಮಾಡುತ್ತಿದ್ದೆ: ಮೈಸೂರಿನ ಮೂಗುದನಿಯಲ್ಲಿ ಎರಡನೇ ಸಲ ಪಾಯಸ ಕೇಳುವ ಬಡಪಾಯಿ ವಿದ್ಯಾರ್ಥಿ.

ಆ ಚಳಿಗಾಲದಲ್ಲಿ ಕಾಕು ಅವರ ಗಂಡ ತೀರಿಹೋದರು. ಕೆಲವು ವಾರಗಳ ಮೇಲೆ ಕಾಕು ಫೋನ್ ಮಾಡಿದರು.

"ನಿನಗ ಇಂಗ್ಲಿಷ್ ಓದ್ಲಿಕ್ಕೆ ಬರ್ತದೇನು?"

"ಆಂಟಿ, ನಾನು ಪಿಎಚ್‌ಡಿ ಮಾಡ್ತಿದೀನಿ."

"ಅದಕ್ಕೇ ಕೇಳಿದೆ. ಆಂಟಿ ಅನಬ್ಯಾಡ, ನಮ್ಮ ಧಾರವಾಡದ ಕಡೆ ಅಂಧಂಗ ಕಾಕು ಅನ್ನು. ಶನಿವಾರ ಬಾ. ರೊಟ್ಟಿ ಮಾಡ್ತೀನಿ."

ಮ್ಯಾಂಚೆಸ್ಟರಿನ ಫಾಲೋಫೀಲ್ಡ್ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಪಾಸ್ತಾ ಬೇಯಿಸಿಕೊಂಡು ತಿನ್ನುತ್ತಿದ್ದವನಿಗೆ ರೊಟ್ಟಿ ಎಂದರೆ ಸಾಕು, ಲಂಡನ್ನಿಗೂ ನಡೆದು ಹೋಗುತ್ತಿದ್ದೆ.

ಕೆಲಸ ಇದು. ಇಂಗ್ಲೆಂಡಿನ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಹದಿನೇಳನೇ ಶತಮಾನದಲ್ಲಿ ದಿನವೂ ಏನು ನಡೆಸಿತು ಎಂದು ಆಗಿನ ಗುಮಾಸ್ತರು ಬರೆದಿಟ್ಟದ್ದನ್ನು ಇಂಟರ್ನೆಟ್ಟಿಗೆ ಏರಿಸುತ್ತಿದ್ದರು. ಯಾರೋ ಟೈಪು ಮಾಡಿದ ಹಾಳೆಗಳನ್ನು ಹಳೆಯ ಅಚ್ಚಿನ ಪುಸ್ತಕದ ಜೊತೆ ತಾಳೆ ನೋಡಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪುಸ್ತಕವನ್ನು ಕಾಮಾ, ಫುಲ್‌ಸ್ಟಾಪು ಸಮೇತ ಗಟ್ಟಿಯಾಗಿ ಓದುತ್ತ ಹೋಗಬೇಕು. ಇನ್ನೊಬ್ಬರು ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಹಿಂಬಾಲಿಸಬೇಕು. ಗಂಡ ಓದುತ್ತಿದ್ದರು, ಕಾಕು ತಿದ್ದುತ್ತಿದ್ದರು. ಸಂಪುಟ ಅರ್ಧದಲ್ಲಿ ನಿಂತಿತ್ತು.

"ಈ ಹಳೇ ಪ್ರಭುಗಳನ್ನೆಲ್ಲ ಕಟ್ಟಿಕೊಂಡು ನಿಮಗೇನಾಗಬೇಕು ಕಾಕು?" ಎಂದೆ.

"ಮಂದೀನ ಮಲಗಿಸೋದು, ಎಬ್ಬಿಸೋದು, ಇದ ನನ್ನ ಕೆಲಸ ಇತ್ತು. ಇವರು ಮಲಗಿ ಭಾಳ ದಿನ ಆಗೇದ. ಎಬ್ಬಿಸಿದ್ರ ಏನು ತಪ್ಪು?"

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಪ್ರತಿದಿನದ ಬರಹವೂ ಒಂದೇ ಥರ. ಮೊದಲು ಪ್ರಾರ್ಥನೆ. ಆಮೇಲೆ ಹಾಜರಿದ್ದ ಪ್ರಭುಗಳ ಹೆಸರು. ಆಮೇಲೆ ಅರ್ಜಿಗಳು: ಸೆರೆಮನೆಯಲ್ಲಿ ಕೊಳೆಯುತ್ತಿರುವ ಆಳಿನದು, ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಹೆಂಗಸಿನದು. ಕಡೆಗೆ ನಾಳೆ ಇಂಥ ಹೊತ್ತಿಗೆ ಸಭೆ ಎಂಬ ಸಾಲು. ಬೇಜಾರು ಕಳೆಯಲು ನಾನು ಒಬ್ಬೊಬ್ಬ ಪ್ರಭುವಿಗೂ ಒಂದೊಂದು ದನಿ ಹಂಚಿದೆ. ಸಭಾಪತಿಗೆ ನಮ್ಮ ಅಧ್ಯಕ್ಷರ ದನಿ. ಬಿಷಪ್ಪರಿಗೆ ನನ್ನ ಹೈಸ್ಕೂಲ್ ಹೆಡ್‌ಮಾಸ್ಟರದು. ಸದಾ ಏನಾದರೂ ಬೇಡಿಕೊಂಡು ಎದ್ದು ನಿಲ್ಲುವ ಒಬ್ಬ ಅರ್ಲ್‌ಗೆ ನನ್ನದೇ ಪಾಯಸದ ದನಿ. ಕಾಕು ಪೆನ್ಸಿಲ್ ಕೆಳಗಿಟ್ಟು ನಗುತ್ತಿದ್ದರು. "ಬೆರಕಿ ಇದ್ದೀ ನೀ!"

ಆದರೆ ಪುಟ ಮುಂದುವರಿದಂತೆ ದೇಶದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ಅರ್ಧ ಪುಟ ತುಂಬುತ್ತಿದ್ದ ಹಾಜರಿ ಸೊರಗುತ್ತ ಬಂತು. ಕೆಲವರು ರಾಜನ ಕಡೆ ಹೋದರು, ಕೆಲವರು ಸತ್ತರು, ಬಿಷಪ್ಪರನ್ನು ಹೊರಗೆ ಹಾಕಿದರು. ನಾನು ದನಿ ಹಂಚಿದ್ದವರು ಒಬ್ಬೊಬ್ಬರೇ ಇಲ್ಲವಾದಂತೆ ಆ ದನಿಗಳು ನನ್ನ ಗಂಟಲಲ್ಲೇ ಕೆಲಸವಿಲ್ಲದೆ ಉಳಿದುಕೊಂಡವು.

ನವೆಂಬರಿನ ಒಂದು ಮಧ್ಯಾಹ್ನ. ಇಲ್ಲಿ ಆ ತಿಂಗಳಲ್ಲಿ ಮಧ್ಯಾಹ್ನವೇ ಕತ್ತಲು. ಯಾವುದೋ ಅರ್ಜಿ ಓದುತ್ತಿದ್ದೆ. ಯಾರ ದನಿಯನ್ನೂ ಹಾಕಿಕೊಂಡಿರಲಿಲ್ಲ. ವಾಕ್ಯದ ಮುಂಚೆ ಒಂದು ಸಣ್ಣ ಕೆಮ್ಮು ಬಂತು. ಆಮೇಲೆ ದಪ್ಪ ದನಿ, ಏರಿಳಿತವಿಲ್ಲದೆ.

ಕಾಕು ತಲೆ ಎತ್ತಲಿಲ್ಲ. "ಚಸ್ಮಾ ಹಾಕ್ಕೋರಿ, ಒಂದು ಸಾಲು ಬಿಟ್ರಿ" ಎಂದರು.

ಪುಸ್ತಕ ನೋಡಿದೆ. ನಿಜಕ್ಕೂ ಒಂದು ಸಾಲು ಬಿಟ್ಟಿದ್ದೆ. ಹಿಂದೆ ಹೋಗಿ ಓದಿದೆ, ಅದೇ ದನಿಯಲ್ಲಿ. ಬೇರೆ ದನಿ ಸಿಗಲೇ ಇಲ್ಲ. ಪ್ಯಾರಾ ಮುಗಿಯಿತು. ನನ್ನ ಕೈ ತಾನೇ ಹೋಗಿ ಮೇಜಿನ ಅಂಚಿಗೆ ಎರಡು ಸಲ ತಟ್ಟಿತು. ಟಕ್ ಟಕ್.

ಈಗ ತಲೆ ಎತ್ತಿದರು.

"ಇದ ಯಾರು ಕಲಿಸಿದ್ರು ನಿನಗ?"

"ಯಾವುದು ಕಾಕು?"

"ಪ್ಯಾರಾ ಮುಗದ್ರ ಅವರು ಉಂಗುರದ ಕೈಲೆ ಹಿಂಗ ಬಡೀತಿದ್ರು, ನನಗ ತಿಳೀಲಿ ಅಂತ. ಈ ಮೇಜಿನ ಮ್ಯಾಲೆ ಅಷ್ಟ. ನೀ ನೋಡಿಲ್ಲ."

ನಾನು ನೋಡಿರಲಿಲ್ಲ. ಇನ್ನೂ ಒಂದು ಮಾತು ಅವರಿಗೆ ಹೇಳಲಿಲ್ಲ: ಆ ಸದ್ದು ಲೋಹ ಮರಕ್ಕೆ ತಾಗಿದ ಸದ್ದು. ನನ್ನ ಕೈಯಲ್ಲಿ ಉಂಗುರ ಇರಲಿಲ್ಲ.

ಆ ದಿನದಿಂದ ಕಾಕು ಬೇರೆ ದನಿ ಕೇಳಲಿಲ್ಲ. ಗಂಡನ ದನಿ ಅವರ ಬಳಿ ಎಲ್ಲೂ ಉಳಿದಿರಲಿಲ್ಲ. ಫೋನಿನ ಆನ್ಸರಿಂಗ್ ಮಷೀನಿನಲ್ಲಿದ್ದ ನಾಲ್ಕು ಮಾತು ಕರೆಂಟು ಹೋದಾಗ ಅಳಿಸಿಹೋಗಿತ್ತು. ಈಗ ಶನಿವಾರ ಶನಿವಾರ ಅದು ಊಟದ ಮೇಜಿಗೆ ಬರುತ್ತಿತ್ತು. ಕಾಕು ಹೊಸ ಸೀರೆ ಉಟ್ಟಿರುತ್ತಿದ್ದರು. ಸಂಪುಟ ಮುಗಿದರೆ ದನಿಯೂ ಮುಗಿಯಿತು ಎಂದು ಅವರಿಗೂ ಗೊತ್ತಿತ್ತು, ನನಗೂ. ಅದಕ್ಕೇ ತಿದ್ದಿ ಮುಗಿಸಿದ ಹಾಳೆಗಳನ್ನೇ ಮತ್ತೆ ತರುತ್ತಿದ್ದರು. "ಇದೊಂದು ಸಲ ಸಂಶಯ ಅದ, ಓದು." ಇದ್ದ ಪ್ರಭುಗಳು ಮತ್ತೆ ಹಾಜರಾಗುತ್ತಿದ್ದರು, ಸತ್ತವರು ಮತ್ತೆ ಸಾಯುತ್ತಿದ್ದರು.

ಒಂದು ಭಾನುವಾರ ಮೈಸೂರಿಗೆ ಫೋನ್ ಮಾಡಿದೆ. ಅಮ್ಮ ಎತ್ತಿದರು.

"ಹಲೋ, ಯಾರ್ರೀ ಮಾತಾಡ್ತಿರೋದು?"

"ನಾನಮ್ಮ."

"ನಾನು ಅಂದ್ರೆ? ನನ್ನ ಮಗನ ನಂಬರಿಂದ ಮಾಡಿದೀರಲ್ಲ, ಅವನಿಗೇನಾಯ್ತು?"

"ಅಮ್ಮ, ನಾನೇ ಕಣಮ್ಮ!"

"ತಮಾಷೆ ಸಾಕು ಕಣೋ. ಯಾರೋ ವಯಸ್ಸಾದವರ ಥರ ಮಾತಾಡಬೇಡ. ಭಯ ಆಗುತ್ತೆ."

ನಾನು ತಮಾಷೆ ಮಾಡುತ್ತಿರಲಿಲ್ಲ. ಫೋನಿಟ್ಟು ಕನ್ನಡಿ ಮುಂದೆ ನಿಂತು ಪಾಯಸ ಕೇಳಿದೆ. ನನ್ನ ಮುಖ ಒಮ್ಮೆ ಕೆಮ್ಮಿ, "ಏನಂದ್ರ..." ಎಂದಿತು.

ಮುಂದಿನ ಶನಿವಾರ ಅದನ್ನು ಕಾಕುಗೆ ಹೇಳಿದೆ. ನಗಿಸಬೇಕೆಂದೇ ಶುರು ಮಾಡಿದ್ದು. ಅಮ್ಮನ ಭಯದ ಮಾತಿಗೆ ಬಂದಾಗ ತಮಾಷೆ ಮರೆತೆ. ಅವರು ಚಾ ಸೋಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ನಿಮ್ಮವ್ವ ಅಂಜಿದ್ಳೇನು?"

"ಹೂಂ ಕಾಕು."

"ಒಬ್ಬಾಕಿ ಕಡಿಂದ ಮಗನ ದನಿ ಕಸಗೊಂಡು ಇನ್ನೊಬ್ಬಾಕಿ ಗಂಡನ ದನಿ ಕೇಳ್ಕೋತ ಕೂಡೋದು ಛೊಲೋ ಅಲ್ಲ" ಎಂದರು. "ಬಾ. ಇವತ್ತ ಮುಗಸೋಣ."

ಉಳಿದಿದ್ದದ್ದು ಕೊನೆಯ ದಿನದ ಬರಹ. ರಾಜನ ತಲೆ ತೆಗೆದು ಒಂದು ವಾರವಾಗಿದೆ. ಹಾಜರಿಯಲ್ಲಿ ಬೆರಳೆಣಿಕೆಯ ಹೆಸರು. ಅಷ್ಟರಲ್ಲಿ ಕೆಳಮನೆಯವರು ಈ ಸಭೆಯೇ ಬೇಡವೆಂದು ನಿರ್ಧರಿಸುತ್ತಿದ್ದಾರೆ. ಆದರೂ ಇಲ್ಲಿ ಗುಮಾಸ್ತ ಎಂದಿನಂತೆ ಬರೆಯುತ್ತಿದ್ದಾನೆ.

"ನಿನ್ನ ದನಿಯೊಳಗ ಓದು" ಎಂದರು ಕಾಕು.

ಬಾಯಿ ತೆರೆದೆ. ಕೆಮ್ಮು ಬಂತು. ಕಾಕು ಕಣ್ಣು ಮುಚ್ಚಿದರು. "ಇದು ನಿಂದಲ್ಲ. ಮತ್ತೊಮ್ಮೆ."

ಮತ್ತೊಮ್ಮೆ ಓದಿದೆ.

"ಇದು ನಿಮ್ಮ ಅಧ್ಯಕ್ಷರದು."

ಇನ್ನೊಮ್ಮೆ.

"ಇದು ನೀ ಮಂದೀನ ನಗಸ್ಲಿಕ್ಕೆ ಮಾಡೋದು. ಪಾಯಸದ್ದು. ಅದೂ ನಿಂದಲ್ಲ."

ಒಬ್ಬೊಬ್ಬರನ್ನೇ ಗುರುತಿಸಿ ಬಾಗಿಲ ಹೊರಗೆ ಕಳಿಸುತ್ತ ಹೋದರು. ಕೊನೆಗೆ ನಾಚಿಕೆಯೂ ದಣಿವೂ ಆಗಿ, ಹೇಗೋ ಓದಿಬಿಟ್ಟೆ. ತೆಳ್ಳಗಿನ, ಸ್ವಲ್ಪ ಒಡೆದ, ಯಾವ ರುಚಿಯೂ ಇಲ್ಲದ ದನಿ.

ಕಾಕು ತಲೆ ವಾಲಿಸಿ ಕೇಳಿದರು. "ಇದು ಯಾರದೋ ನನಗ ಗೊತ್ತಿಲ್ಲ. ಹಂಗಾರ ನಿಂದ ಇರಬೇಕು. ಓದು."

ಓದಿದೆ. ಕಡೆಯ ಸಾಲು ದಿನದ ಸಾಲೇ: ನಾಳೆ ಬೆಳಿಗ್ಗೆ ಹತ್ತಕ್ಕೆ ಸಭೆ. ಕಾಕು ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದರು. "ಸಭಾನ ಮುಚ್ಚಿಬಿಟ್ರು. ಆ ನಾಳೆ ಬರ್ಲಿಕ್ಕೆ ಹನ್ನೊಂದು ವರ್ಷ ಹಿಡೀತು" ಎಂದು ಹಾಳೆ ಜೋಡಿಸಿದರು. ಆಮೇಲೆ ನನ್ನ ಕಡೆ ನೋಡದೆ, ನನ್ನ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿ, ಮೆಲ್ಲಗೆ, "ಆತು. ಇನ್ನ ಹೋಗಿ ಬರ್ರಿ" ಎಂದರು.

ನಾನು ಆ ಕಡೆ ತಿರುಗಲಿಲ್ಲ. ಧೈರ್ಯ ಇರಲಿಲ್ಲ.

ಕೆಲವು ವರ್ಷಗಳ ಮೇಲೆ ಕಾಕು ತಾವು ದುಡಿದ ಆಸ್ಪತ್ರೆಯಲ್ಲೇ ತೀರಿಕೊಂಡರು. ಚಿತಾಗಾರದ ಹೊರಗೆ, ಕಪ್ಪು ಕೋಟುಗಳ ನಡುವೆ, ಅಧ್ಯಕ್ಷರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಕಣ್ಣು ಕೆಂಪಾಗಿತ್ತು.

"ಒಂದೇ ಒಂದು ಸಲ ನಿಮ್ಮ ಕಾಕು ಹಾಗೆ ಮಾತಾಡಪ್ಪ. ನಿನ್ನನ್ನು ಬಿಟ್ಟರೆ ಇನ್ಯಾರಿಗೂ ಬರಲ್ಲ. ಕೇಳಬೇಕು ಅನ್ನಿಸ್ತಿದೆ."

ಬರುತ್ತಿತ್ತು. ಗಂಟಲಲ್ಲಿ ಆಗಲೇ ಬಂದು ನಿಂತಿತ್ತು, ಆ ಧಾರವಾಡದ ಎಳೆತ, ಆ ಕುಟುಕು, ಎಲ್ಲವೂ. ಬಾಯಿ ತೆರೆದರೆ ಸಾಕಿತ್ತು.

"ಅವರದು ಬರಲ್ಲ ಸರ್" ಎಂದೆ.

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಇಷ್ಟು ವರ್ಷ ತಮ್ಮನ್ನು ಅಣಕಿಸಿದವನ ಬಾಯಿಂದ ಬಂದದ್ದು ಅವರಿಗೆ ಹೊಸದಾಗಿ ಕೇಳಿಸಿರಬೇಕು.

"ಇದ್ಯಾರ ದನಿಯಪ್ಪ?"

"ನಂದೇ ಸರ್."